ಎರಡು ಪಟ್ಟಿಗಳ ತಾಳೆ: ಭ್ರಷ್ಟಾಚಾರದ ತನಿಖಾ ವರದಿಗೆ ಟಿಪ್ಪಣಿ

ಗುಪ್ತ ಮೂಲ ಸಿಕ್ಕರೆ ತನಿಖಾ ವರದಿ ಸಿದ್ಧ ಎಂದು ಅನೇಕ ವಿದ್ಯಾರ್ಥಿಗಳು ನಂಬುತ್ತಾರೆ. ಮೂಲ ದಾರಿ ತೋರಿಸುತ್ತದೆ, ಅಷ್ಟೇ. ವರದಿಗೆ ಗಟ್ಟಿ ನೆಲೆ ಕೊಡುವುದು ಬೇರೆ ಬೇರೆ ಕೈಗಳು ಬರೆದಿಟ್ಟ ಎರಡು ದಾಖಲೆಗಳ ತಾಳೆ.

ಇದಕ್ಕೆ ಒಳ್ಳೆಯ ಪಾಠ ಮಹಾರಾಷ್ಟ್ರದ ಸಿಮೆಂಟ್ ಹಗರಣ. ಆಗ ಸಿಮೆಂಟ್ ಹಂಚಿಕೆ ಸರ್ಕಾರದ ನಿಯಂತ್ರಣದಲ್ಲಿತ್ತು. ಮುಖ್ಯಮಂತ್ರಿ ಎ.ಆರ್. ಅಂತುಳೆ 1980ರಲ್ಲಿ ಇಂದಿರಾ ಗಾಂಧಿ ಪ್ರತಿಭಾ ಪ್ರತಿಷ್ಠಾನವೆಂಬ ಟ್ರಸ್ಟ್ ಕಟ್ಟಿದರು. 1981ರ ಆಗಸ್ಟ್ 31ರಂದು ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಅರುಣ್ ಶೌರಿ ಅವರ ವರದಿ ಬಂತು. ಟ್ರಸ್ಟ್ ದೇಣಿಗೆ ಪಡೆಯುವುದು ಅಪರಾಧವಲ್ಲ. ಸಿಮೆಂಟ್ ಹಂಚುವುದು ಸರ್ಕಾರದ್ದೇ ಕೆಲಸ. ಆದರೆ ದೇಣಿಗೆ ಕೊಟ್ಟವರ ಪಟ್ಟಿಯನ್ನೂ ಸಿಮೆಂಟ್ ಪಡೆದವರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟಾಗ ಕೊಡು-ಕೊಳ್ಳುವಿಕೆ ಕಾಣಿಸಿತು. 1982ರ ಜನವರಿ 12ರಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್ ಆ ನಂಟನ್ನು ಒಪ್ಪಿದರು, ಅಂತುಳೆ ರಾಜೀನಾಮೆ ಕೊಟ್ಟರು. ಅದು ರಿಟ್ ಅರ್ಜಿಯ ತೀರ್ಪು, ಕ್ರಿಮಿನಲ್ ಶಿಕ್ಷೆಯಲ್ಲ. ಬರೆಯುವಾಗ ಈ ವ್ಯತ್ಯಾಸ ಕಾಪಾಡಲೇಬೇಕು.

ಬಳ್ಳಾರಿ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿಯ ಹಿಂದೆಯೂ ಇಂಥದೇ ತಾಳೆಯಿದೆ: ಅದಿರು ಸಾಗಿಸಲು ಕೊಟ್ಟ ಪರ್ಮಿಟ್ ಎಷ್ಟು, ಬಂದರಿನಿಂದ ಹೊರಟ ಅದಿರು ಎಷ್ಟು.

ಈಗ ನಿಮ್ಮ ತಾಲ್ಲೂಕಿನ ಒಂದು ರಸ್ತೆಯನ್ನು ತೆಗೆದುಕೊಳ್ಳಿ. ಬೇಕಾದ ಕಾಗದಗಳು: ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ (ಇಲಾಖೆಯವರ ಮಾತಿನಲ್ಲಿ ಎಂ.ಬಿ.), ಬಿಲ್, ಗುಣಮಟ್ಟ ಪರೀಕ್ಷೆಯ ವರದಿ. ಇವುಗಳಲ್ಲಿ ಎಂ.ಬಿ.ಯೇ ಜೀವಾಳ, ಏಕೆಂದರೆ ಹಣ ಹೊರಡುವುದು ಅದರಲ್ಲಿ ಬರೆದ ಉದ್ದ, ಅಗಲ, ದಪ್ಪದ ಮೇಲೆ. ಉದಾಹರಣೆಗೆ 1 ಕಿ.ಮೀ. ಉದ್ದ, 3.75 ಮೀಟರ್ ಅಗಲ, 20 ಸೆಂ.ಮೀ. ದಪ್ಪದ ಜಲ್ಲಿ ಪದರವೆಂದರೆ 750 ಘನ ಮೀಟರ್. ನಿಜವಾದ ದಪ್ಪ 12 ಸೆಂ.ಮೀ. ಇದ್ದರೆ 450 ಮಾತ್ರ. ಉಳಿದ 300ಕ್ಕೆ ಬಿಲ್ ಆಗಿದ್ದರೆ ನಿಮ್ಮ ಪ್ರಶ್ನೆ ಅಲ್ಲಿಂದ ಶುರು.

ಎರಡನೇ ಪಟ್ಟಿ ಈ ಕಾಗದಗಳನ್ನಿಟ್ಟ ಲೋಕೋಪಯೋಗಿ ಇಲಾಖೆಯಿಂದಲೇ ಬರಬಾರದು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಲ್ಲಿ ಸಾಗಣೆ ಪರ್ಮಿಟ್ ಕೇಳಿ. ಇಲ್ಲಿ ಎಡವುವವರು ಬಹಳ. ಪರ್ಮಿಟ್ ಹಾಜರುಪಡಿಸದ ಗುತ್ತಿಗೆದಾರನ ಬಿಲ್‌ನಿಂದ ರಾಜಧನ (ಜಲ್ಲಿಗಾಗಿ ಸರ್ಕಾರಕ್ಕೆ ಸಲ್ಲಬೇಕಾದ ರಾಯಲ್ಟಿ) ಕಡಿತ ಮಾಡುವ ಪದ್ಧತಿಯಿದೆ. ಹಾಗಾಗಿ ಪರ್ಮಿಟ್ ಇಲ್ಲವೆಂಬುದಷ್ಟೇ ಜಲ್ಲಿ ಬಂದಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಸಡಿಲ ಜಲ್ಲಿಯ ಗಾತ್ರವೂ ರೋಲರ್ ಹಾಯಿಸಿದ ಮೇಲಿನ ಗಾತ್ರವೂ ಒಂದೇ ಅಲ್ಲ, ಆದ್ದರಿಂದ ಎರಡು ಪಟ್ಟಿಗಳ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ.

ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ₹10. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಕಾಮಗಾರಿಯ ಹೆಸರು, ಆರ್ಥಿಕ ವರ್ಷ, ದಾಖಲೆಯ ಹೆಸರು ಇಷ್ಟನ್ನೇ ಬರೆಯಿರಿ. ‘ಏಕೆ ಕಳಪೆಯಾಯಿತು’ ಎಂದು ಕೇಳಿದರೆ ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲವೆಂಬ ಹಿಂಬರಹ ಬರುತ್ತದೆ. ಕಲಂ 2(ಜೆ) ಕಾಮಗಾರಿ ಪರಿಶೀಲನೆಗೂ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದಕ್ಕೂ ಅವಕಾಶ ಕೊಡುತ್ತದೆ. ಇದನ್ನು ಬಳಸುವವರು ತೀರಾ ಕಡಿಮೆ, ಇದು ನಿಜಕ್ಕೂ ನಷ್ಟ.

30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಅಧಿಕಾರಿಗೆ ದಂಡ ದಿನಕ್ಕೆ ₹250, ಗರಿಷ್ಠ ₹25,000. ತನಿಖೆ ನಡೆಯುತ್ತಿದೆ ಎಂಬ ನೆಪವನ್ನು ಸುಮ್ಮನೆ ಒಪ್ಪಬೇಡಿ: ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಎಂದು ಅಧಿಕಾರಿಯೇ ತೋರಿಸಬೇಕು. ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಿದರೆ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದೆನ್ನುವ ಕಲಂ 8(2)ನ್ನು ಮೇಲ್ಮನವಿಯಲ್ಲಿ ಎತ್ತಿ.

ಪ್ರಕಟಣೆಗೆ ಮುನ್ನ ಎಂಜಿನಿಯರ್‌ಗೂ ಗುತ್ತಿಗೆದಾರನಿಗೂ ಲಿಖಿತ ಪ್ರಶ್ನೆ ಕಳುಹಿಸಿ, ಸಮಯ ಕೊಡಿ, ಉತ್ತರವನ್ನು ವರದಿಯಲ್ಲಿ ಸೇರಿಸಿ. ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಲ್ಲಿ ಮಾನಹಾನಿಗೆ ಮೊದಲ ವಿನಾಯಿತಿ ಸಿಗಬೇಕಾದರೆ ಆಪಾದನೆ ಸತ್ಯವಾಗಿದ್ದರೆ ಸಾಲದು, ಪ್ರಕಟಣೆ ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು.