ಟ್ರಾಂ ಕಾಟಕ್ಕೆ ಅಲಿಬಾಗ್ ಸೇರಿದ ಸೂಜಿ

ಮುಂಬೈ ಕನ್ನಡಿಗರಿಗೆ ಅಲಿಬಾಗ್ ಅಂದರೆ ಬೀಚು, ಭಾನುವಾರ, ಗೇಟ್‌ವೇಯಲ್ಲಿ ಲಾಂಚ್ ಹತ್ತಿ ಮಾಂಡ್ವಾದಲ್ಲಿ ಇಳಿಯುವುದು. ಅಲ್ಲಿ ಭೂಮಿಯ ಕಾಂತಕ್ಷೇತ್ರ ಅಳೆಯುವ ವೀಕ್ಷಣಾಲಯವೂ ಇದೆ, 1904ರಿಂದ. ಅದು ಅಲ್ಲಿಗೆ ಹೋಗಿದ್ದೇ ನಮ್ಮ ಮುಂಬೈ ಟ್ರಾಂ ಕಾಟಕ್ಕೆ.

ಮೊದಲು ಈ ಕೆಲಸ ನಡೆಯುತ್ತಿದ್ದದ್ದು ಮುಂಬೈಯ ಕೊಲಾಬಾದಲ್ಲಿ. ಕಾಂತಕ್ಷೇತ್ರ ಕಣ್ಣಿಗೂ ಕಾಣುವುದಿಲ್ಲ, ಮೈಗೂ ತಾಗುವುದಿಲ್ಲ. ತೂಗುಬಿಟ್ಟ ಅಯಸ್ಕಾಂತದ ಸೂಜಿ ಎಷ್ಟು ತಿರುಗಿತು ಅಂತ ನೋಡಿ ನೋಡಿ ಬರೆದಿಡಬೇಕು, ಅಷ್ಟೇ. ಸುಮ್ನೆ ಕೂತು ಬರೆಯುವ, ಬೇಜಾರಿನ ಕೆಲಸ. ಆದರೆ 1859ರ ಸೆಪ್ಟೆಂಬರ್ 2ರಂದು ಸೂರ್ಯನಿಂದ ಸಿಡಿದ ಬಿರುಗಾಳಿ ಭೂಮಿಗೆ ಬಡಿದಾಗ, ಕೊಲಾಬಾದ ಅಳತೆ ಸುಮಾರು 1,600 ನ್ಯಾನೊಟೆಸ್ಲಾದಷ್ಟು (ಕಾಂತಕ್ಷೇತ್ರ ಅಳೆಯುವ ಮಾನ ಇದು) ಕುಸಿಯಿತು. 1989ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು ಒಂಬತ್ತು ಗಂಟೆ ಕರೆಂಟ್ ತೆಗೆದ ಸೌರ ಬಿರುಗಾಳಿಗಿಂತಲೂ ಇದು ಜೋರು. ಎಷ್ಟು ಜೋರು ಅಂತ ಲೆಕ್ಕ ಹಾಕುವವರು ಇವತ್ತಿಗೂ ಕೊಲಾಬಾದ ಆ ಅಂಕಿಗಳನ್ನೇ ತೆರೆಯುತ್ತಾರೆ.

ಇಂಥ ಸೂಕ್ಷ್ಮ ಸೂಜಿಯ ಹತ್ತಿರ ಕರೆಂಟ್ ಟ್ರಾಂ ಓಡಿದರೆ ಕಥೆ ಏನು? ಹಳಿಯಲ್ಲಿ ವಾಪಸಾಗುವ ವಿದ್ಯುತ್ತು ಸ್ವಲ್ಪ ನೆಲಕ್ಕೂ ಸೋರುತ್ತದೆ, ವಿದ್ಯುತ್ತು ಹರಿದಲ್ಲೆಲ್ಲ ಕಾಂತಕ್ಷೇತ್ರ ಹುಟ್ಟುತ್ತದೆ, ಸೂಜಿಗೆ ಸೂರ್ಯ ಯಾವುದು ಟ್ರಾಂ ಯಾವುದು ಅಂತ ಗೊತ್ತಾಗುವುದಿಲ್ಲ. ಕುದುರೆ ಟ್ರಾಂ ಇರುವ ತನಕ ತೊಂದರೆ ಇರಲಿಲ್ಲ. ಕರೆಂಟಿನದು ಬರುತ್ತದೆ ಅಂತಾದ ಮೇಲೆ ಅಲಿಬಾಗ್‌ನಲ್ಲಿ ಕಬ್ಬಿಣ ಸೋಕದ ಕಟ್ಟಡ ಕಟ್ಟಿದರು. 1904ರಿಂದ 1906ರ ತನಕ ಎರಡೂ ಕಡೆ ಒಟ್ಟಿಗೇ ಅಳೆದರು, ಹಳೇ ಲೆಕ್ಕಕ್ಕೂ ಹೊಸದಕ್ಕೂ ಕೊಂಡಿ ತಪ್ಪಬಾರದಲ್ವಾ? ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಈ ಎರಡು ವರ್ಷ. ಕರೆಂಟ್ ಟ್ರಾಂ 1907ರಲ್ಲಿ ಬಂತು, 1964ರಲ್ಲಿ ಹೋಯಿತು. ಅಲಿಬಾಗ್ ಇನ್ನೂ ಅಳೆಯುತ್ತಿದೆ.

ಕಾಣದ್ದನ್ನು ಹಿಡಿಯುವುದಕ್ಕೆ ದೊಡ್ಡ ಯಂತ್ರ ಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಅದಕ್ಕಿಂತ ಮೊದಲು ಬೇಕಾಗುವುದು ಗಲಾಟೆ ಇಲ್ಲದ ಜಾಗ. ಅದೇ ಕೊಲಾಬಾದಲ್ಲಿರುವ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಅಂಥ ಜಾಗ ಹುಡುಕಿಕೊಂಡು ನಮ್ಮ ಕೋಲಾರದ ಚಿನ್ನದ ಗಣಿಗೇ ಇಳಿದರು. ಬಾಹ್ಯಾಕಾಶದಿಂದ ಬರುವ ಕಣಗಳು ಗಾಳಿಗೆ ಬಡಿದು ಮ್ಯೂಯಾನ್ ಅನ್ನುವ ಸಣ್ಣ ಕಣಗಳ ಮಳೆ ಸುರಿಸುತ್ತಲೇ ಇರುತ್ತವೆ. ನಿಮ್ಮ ಅಂಗೈಯನ್ನು ಸೆಕೆಂಡಿಗೆ ಒಂದಾದರೂ ದಾಟುತ್ತದೆ. ಈ ಗದ್ದಲದಲ್ಲಿ, ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ನ್ಯೂಟ್ರಿನೊ ಕಣ ಹುಡುಕುವುದು ಆಗದ ಮಾತು. 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಆ ಮಳೆಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಬಂಡೆಗೆ ಕ್ಯಾರೇ ಅನ್ನುವುದಿಲ್ಲ. 1965ರಲ್ಲಿ ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಅಲ್ಲಿ ಪತ್ತೆ ಮಾಡಿದರು. ಅದೇ ವರ್ಷ ಅದನ್ನೇ ಪತ್ತೆ ಹಚ್ಚಿದ ಇನ್ನೊಂದು ತಂಡ ಇದ್ದದ್ದು ದಕ್ಷಿಣ ಆಫ್ರಿಕಾದಲ್ಲಿ. ಅದೂ ಚಿನ್ನದ ಗಣಿಯೇ!

ಇಂಥ ಜಾಗಗಳಲ್ಲಿ ಪುಣೆಯವರಿಗೆ ಹತ್ತಿರದ್ದು ನಾರಾಯಣಗಾಂವ್ ಪಕ್ಕದ ಖೋಡದ್‌ನ ರೇಡಿಯೊ ದೂರದರ್ಶಕ. 45 ಮೀಟರ್ ಅಗಲದ 30 ಡಿಶ್‌ಗಳು ಅಲ್ಲಿ ರೇಡಿಯೊ ಅಲೆಗಳಿಗೆ ಕಿವಿಗೊಟ್ಟಿವೆ. ಹೈಡ್ರೋಜನ್ 21 ಸೆಂಟಿಮೀಟರಿನ ಅಲೆ ಸೂಸುತ್ತದೆ. ಬಹಳ ದೂರದ ಒಂದು ಗ್ಯಾಲಕ್ಸಿಯಿಂದ ಹೊರಟ ಆ ಅಲೆ, ಬ್ರಹ್ಮಾಂಡ ಹಿಗ್ಗಿದ್ದರಿಂದ 48 ಸೆಂಟಿಮೀಟರ್ ಆಗಿ ಬಂದದ್ದನ್ನು ಇಲ್ಲೇ ಹಿಡಿದರು, ಸುದ್ದಿ ಹೊರಬಿದ್ದದ್ದು 2023ರಲ್ಲಿ. ಇಲ್ಲಿ ಟ್ರಾಂ ಕಾಟ ಇಲ್ಲ, ನಮ್ಮ ಮೊಬೈಲಿನದೇ ಕಾಟ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಜನರನ್ನು ಒಳಗೆ ಬಿಡುತ್ತಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಫೋನ್ ಆಫ್ ಮಾಡಿಕೊಂಡು.