ತೆರೆಮರೆಯ ಥ್ರೆಡ್‌ಗೆ ಯಾರು ಜವಾಬ್ದಾರಿ?

ವೆಬ್ ಆ್ಯಪ್‌ನ ಸ್ವಭಾವವೇ ಹಾಗೆ. ಯಾರಾದರೂ ಕೇಳಿದರೆ ಉತ್ತರ ಕೊಡುತ್ತದೆ, ಇಲ್ಲದಿದ್ದರೆ ಸುಮ್ನೆ ಕೂತಿರುತ್ತದೆ. ನೀವು ಒಂದು ಲಿಂಕ್ ಒತ್ತಿದಾಗ ಸರ್ವರ್‌ಗೆ ರಿಕ್ವೆಸ್ಟ್ ಹೋಗುತ್ತದೆ. ಅಲ್ಲಿ ಬಿಡುವಾಗಿದ್ದ ಒಂದು ಥ್ರೆಡ್ ಅದನ್ನು ಎತ್ತಿಕೊಂಡು, ಪುಟ ಸಿದ್ಧಮಾಡಿ ಕಳಿಸಿ, ಮುಂದಿನದಕ್ಕೆ ಕಾಯುತ್ತದೆ. ಥ್ರೆಡ್ ಅಂದರೆ ಒಂದು ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ತಾನು ಸಾಗುವ ಕೆಲಸ. ಒಂದೇ ಪ್ರೋಗ್ರಾಮಿನಲ್ಲಿ ಇಂಥವು ನೂರಾರು ಇರಬಹುದು. ಮೆಮೊರಿ ಮಾತ್ರ ಎಲ್ಲಕ್ಕೂ ಒಂದೇ.

ಆದರೆ ಯಾರೂ ಕೇಳದ ಕೆಲಸಗಳೂ ಇವೆ. ಅವಧಿ ಮುಗಿದ ಲಾಗಿನ್‌ಗಳನ್ನು ಅಳಿಸಬೇಕು. ಕಾದು ನಿಂತಿರುವ ಈಮೇಲ್‌ಗಳನ್ನು ಕಳಿಸಬೇಕು. ಪದೇ ಪದೇ ಬೇಕಾಗುವ ಮಾಹಿತಿಯನ್ನು ಡೇಟಾಬೇಸ್‌ನಿಂದ ಮೊದಲೇ ತಂದಿಟ್ಟುಕೊಳ್ಳಬೇಕು. ಥಟ್ಟನೆ ಹೊಳೆಯುವ ಉಪಾಯ ಒಂದೇ: ಆ್ಯಪ್ ಶುರುವಾಗುವಾಗಲೇ ಒಂದು ಥ್ರೆಡ್ ಹುಟ್ಟಿಸಿ ಬಿಟ್ಟುಬಿಡುವುದು. ಅದಕ್ಕೆ ಜಾಗವೂ ಎಲ್ಲ ಕಡೆ ಇದೆ. ಜಾವಾದಲ್ಲಿ ವೆಬ್ ಆ್ಯಪ್ ಬರೆಯುವ ಮಾನದಂಡವಾದ ಸರ್ವ್‌ಲೆಟ್‌ನ 2001ರ 2.3 ಆವೃತ್ತಿಯಿಂದಲೇ ‘ಆ್ಯಪ್ ಎದ್ದಿತು’, ‘ಆ್ಯಪ್ ನಿಲ್ಲುತ್ತಿದೆ’ ಎಂದು ತಿಳಿಸುವ ಲಿಸನರ್‌ಗಳಿವೆ. ಒಂದೆರಡು ಸಾಲು ಕೋಡ್ ಬರೆದರೆ ಮುಗಿಯಿತು.

ಮುಗಿಯಿತು ಅಂದುಕೊಳ್ಳುವುದೇ ತೊಂದರೆ. ಸರ್ವರ್‌ನ ಲೆಕ್ಕವೆಲ್ಲ ರಿಕ್ವೆಸ್ಟ್‌ಗಳ ಸುತ್ತ ನಡೆಯುತ್ತದೆ. ನೀವು ಬಿಟ್ಟ ಥ್ರೆಡ್ ಆ ಲೆಕ್ಕಕ್ಕೇ ಸಿಗುವುದಿಲ್ಲ. ಅದು ಎಷ್ಟು ಸಲ ಹುಟ್ಟಿತು, ಬದುಕಿದೆಯೋ ಸತ್ತಿದೆಯೋ, ಯಾವಾಗ ನಿಲ್ಲಬೇಕು ಎಂಬುದನ್ನೆಲ್ಲ ನೀವೇ ನೋಡಿಕೊಳ್ಳಬೇಕು.

ಎಷ್ಟು ಸಲ ಅಂದರೆ? ಒಂದೇ ಸಲ ಅಲ್ವಾ? ಅಲ್ಲ. ಪೈಥಾನ್ ಆ್ಯಪ್‌ಗಳನ್ನು ಓಡಿಸುವ ಗುನಿಕಾರ್ನ್ ಸರ್ವರನ್ನೇ ನೋಡಿ. ಅದರಲ್ಲಿ ಒಂದು ಯಜಮಾನ ಪ್ರೋಸೆಸ್ (ತನ್ನದೇ ಮೆಮೊರಿಯೊಂದಿಗೆ ಓಡುತ್ತಿರುವ ಪ್ರೋಗ್ರಾಮ್) ಇರುತ್ತದೆ, ಅದು ತನ್ನಿಂದ ಹಲವು ವರ್ಕರ್ ಪ್ರೋಸೆಸ್‌ಗಳನ್ನು ಹುಟ್ಟಿಸುತ್ತದೆ. ಸಾಮಾನ್ಯವಾಗಿ ಪ್ರತಿ ವರ್ಕರ್ ಆ್ಯಪನ್ನು ತಾನೇ ಲೋಡ್ ಮಾಡಿಕೊಳ್ಳುತ್ತದೆ. ನಾಲ್ಕು ವರ್ಕರ್ ಇದ್ದರೆ ನಿಮ್ಮ ಥ್ರೆಡ್ಡೂ ನಾಲ್ಕು. ಮೇಲ್ ಕಳಿಸುವ ಥ್ರೆಡ್ ಆಗಿದ್ದರೆ ಒಬ್ಬರಿಗೇ ನಾಲ್ಕು ಮೇಲ್ ಹೋಗಬಹುದು. ಮೆಮೊರಿ ಉಳಿಸಲೆಂದು ಯಜಮಾನನಲ್ಲೇ ಒಮ್ಮೆ ಲೋಡ್ ಮಾಡುವ ಆಯ್ಕೆ ಹಾಕಿದರೆ ಕಥೆ ತಿರುಗಾಮುರುಗಾ. ವರ್ಕರ್‌ಗಳನ್ನು ಹುಟ್ಟಿಸುವ ‘ಫೋರ್ಕ್’ ಎಂಬ ಯುನಿಕ್ಸ್ ಕ್ರಿಯೆ ಮೆಮೊರಿಯನ್ನೆಲ್ಲ ನಕಲು ಮಾಡಿದಂತೆ ಕೊಡುತ್ತದೆ, ಆದರೆ ಫೋರ್ಕ್ ಮಾಡಿದ ಥ್ರೆಡ್ ಒಂದನ್ನು ಬಿಟ್ಟು ಉಳಿದ ಯಾವ ಥ್ರೆಡ್ಡೂ ಮಗುವಿಗೆ, ಅಂದರೆ ಹುಟ್ಟಿದ ಹೊಸ ಪ್ರೋಸೆಸ್‌ಗೆ, ಬರುವುದಿಲ್ಲ. ನಿಮ್ಮ ಥ್ರೆಡ್ ಯಜಮಾನನಲ್ಲೇ ಉಳಿಯುತ್ತದೆ. ಅದು ತಾಜಾ ಮಾಡುತ್ತಿರುವ ಮಾಹಿತಿ ಅಲ್ಲೇ ಇರುತ್ತದೆ, ವರ್ಕರ್‌ಗಳಿಗೆ ಕಾಣುವುದು ಹಳೆಯದೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಫೋರ್ಕ್ ಆಗುವ ಗಳಿಗೆಯಲ್ಲಿ ಆ ಥ್ರೆಡ್ ಯಾವುದೋ ಲಾಕ್ ಹಿಡಿದಿತ್ತು ಅನ್ನಿ. ಲಾಕ್ ಅಂದರೆ ಒಂದು ಡೇಟಾವನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಹಾಕುವ ಬೀಗ. ಮಗುವಿನ ಮೆಮೊರಿಗೂ ‘ಲಾಕ್ ಆಗಿದೆ’ ಎಂಬ ಗುರುತು ಬರುತ್ತದೆ, ಬಿಡಿಸಬೇಕಾದ ಥ್ರೆಡ್ ಮಾತ್ರ ಬರುವುದಿಲ್ಲ. ಆ ಲಾಕ್‌ಗೆ ಕಾಯುವವರು ಕಾಯುತ್ತಲೇ ಇರುತ್ತಾರೆ. ಯಾವಾಗಲೋ ಒಮ್ಮೆ, ಯಾರೂ ಮರಳಿ ತೋರಿಸಲಾಗದ ಹಾಗೆ ಆ್ಯಪ್ ಕಲ್ಲಿನಂತೆ ನಿಂತುಬಿಡುತ್ತದೆ. ಪೈಥಾನ್ 3.12ರಿಂದ, ಹಲವು ಥ್ರೆಡ್ ಇರುವ ಪ್ರೋಸೆಸ್ ಫೋರ್ಕ್ ಮಾಡಿದರೆ ಎಚ್ಚರಿಕೆ ಬರುವುದು ಇದೇ ಕಾರಣಕ್ಕೆ. ಹಾಗಾಗಿ ಥ್ರೆಡ್ ಹುಟ್ಟಿಸುವುದಾದರೆ ಫೋರ್ಕ್ ಆದ ಮೇಲೆ, ವರ್ಕರ್ ಒಳಗೇ ಹುಟ್ಟಿಸಬೇಕು. ಎಲ್ಲ ಸೇರಿ ಒಂದೇ ಸಲ ಆಗಬೇಕಾದ ಕೆಲಸವಾದರೆ ಡೇಟಾಬೇಸ್‌ನಲ್ಲಿ ಒಂದು ಲಾಕ್ ಇಟ್ಟು, ಮೊದಲು ಹಿಡಿದವರಿಗೇ ಕೆಲಸ ಬಿಡಬೇಕು.

ಇನ್ನು ಸಾವಿನ ವಿಷಯ. ರಿಕ್ವೆಸ್ಟ್ ಮಧ್ಯೆ ತಪ್ಪಾದರೆ ಬಳಕೆದಾರರಿಗೆ 500 ಎಂಬ ದೋಷದ ಪುಟ ಕಾಣುತ್ತದೆ, ಯಾರಾದರೂ ದೂರುತ್ತಾರೆ. ಹಿನ್ನೆಲೆ ಥ್ರೆಡ್ ಸತ್ತರೆ ದೂರುವವರೇ ಇಲ್ಲ. 2004ರಲ್ಲಿ ಜಾವಾ 5ರೊಂದಿಗೆ ಬಂದ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಶೆಡ್ಯೂಲರ್‌ನದ್ದು ಒಂದು ಕುಖ್ಯಾತ ನಿಯಮ: ಪದೇ ಪದೇ ಓಡಬೇಕಾದ ಕೆಲಸ ಒಮ್ಮೆ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆದರೆ, ಮುಂದೆ ಅದನ್ನು ಓಡಿಸುವುದೇ ಇಲ್ಲ. ಆ್ಯಪ್‌ನ ದಿನಚರಿಯಂಥ ಲಾಗ್‌ನಲ್ಲಿ ಒಂದು ಸಾಲೂ ತಾನಾಗಿ ಬೀಳುವುದಿಲ್ಲ. ನಿಯಮ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಇದೆ, ಓದುವವರು ಕಡಿಮೆ ಅಷ್ಟೇ.

ಕೆಲವೊಮ್ಮೆ ಸರ್ವರೇ ಕೊಲ್ಲುತ್ತದೆ. ವಿಂಡೋಸ್‌ನ ಐಐಎಸ್ ಸರ್ವರ್‌ನಲ್ಲಿ ಬೇರೆ ಸೆಟ್ಟಿಂಗ್ ಮಾಡದಿದ್ದರೆ, 20 ನಿಮಿಷ ಯಾವ ರಿಕ್ವೆಸ್ಟೂ ಬಾರದ ಆ್ಯಪ್‌ನ ಪ್ರೋಸೆಸ್ ಮುಚ್ಚಿಹೋಗುತ್ತದೆ. ಜನ ಕಡಿಮೆ ಇರುವ ಹೊತ್ತು ಎಂದು ರಾತ್ರಿ 2 ಗಂಟೆಗೆ ಇಟ್ಟ ಕೆಲಸ, ಜನ ಇಲ್ಲ ಎಂಬ ಕಾರಣಕ್ಕೇ ತಪ್ಪಿಹೋಗುತ್ತದೆ.

ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ. ಜಾವಾದಲ್ಲಿ ಥ್ರೆಡ್ಡನ್ನು ಹೊರಗಿನಿಂದ ಕೊಲ್ಲುವ ‘ಸ್ಟಾಪ್’ ಮೊದಲಿನಿಂದಲೂ ಇತ್ತು. 1998ರಲ್ಲೇ ಅದನ್ನು ಬಳಸಬೇಡಿ ಎಂದರು. ಅರ್ಧ ಬರೆದ ಡೇಟಾದ ಮೇಲಿದ್ದ ಲಾಕ್ ಬಿಚ್ಚಿಹೋಗಿ ಉಳಿದವರೆಲ್ಲ ಆ ಅರೆಬರೆಯನ್ನೇ ಓದಿಬಿಡುತ್ತಾರೆ ಎಂಬುದು ಕಾರಣ. 2023ರ ಜಾವಾ 20ರಲ್ಲಿ ಅದು ಕೆಲಸ ಮಾಡುವುದನ್ನೇ ನಿಲ್ಲಿಸಿತು. ಅಂದರೆ ಥ್ರೆಡ್ ತಾನಾಗಿಯೇ ‘ನಾನು ನಿಲ್ಲಬೇಕಾ?’ ಎಂದು ಆಗಾಗ ನೋಡಿಕೊಳ್ಳುವಂತೆ ಕೋಡ್ ಬರೆಯಬೇಕು.

ಬರೆಯದಿದ್ದರೆ? ಜಾವಾ ಆ್ಯಪ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್‌ನಂಥ ಸರ್ವರ್‌ನಲ್ಲಿ, ಸರ್ವರ್ ನಿಲ್ಲಿಸದೆಯೇ ಆ್ಯಪ್‌ನ ಹೊಸ ಆವೃತ್ತಿ ಹಾಕಬಹುದು. ಹಳೆಯ ಆವೃತ್ತಿಯ ಥ್ರೆಡ್ ಇನ್ನೂ ಓಡುತ್ತಿದ್ದರೆ, ಅದು ಹಿಡಿದಿರುವ ಹಳೆಯ ಕೋಡ್ ಪೂರ್ತಿ ಮೆಮೊರಿಯಲ್ಲೇ ಉಳಿಯುತ್ತದೆ. ಪ್ರತಿ ಹೊಸ ಆವೃತ್ತಿಗೂ ಇನ್ನೊಂದು ಪದರ ಸೇರುತ್ತದೆ. ಥ್ರೆಡ್ಡನ್ನು ‘ಡೀಮನ್’ ಮಾಡಿದರೆ ಸಾಕು ಎಂದು ನಂಬಿದವರು ತುಂಬಾ ಜನ. ಡೀಮನ್ ಥ್ರೆಡ್‌ಗಾಗಿ ಜಾವಾ ಕಾಯದೆ ಮುಚ್ಚಿಕೊಳ್ಳುತ್ತದೆ ನಿಜ, ಆದರೆ ಇಲ್ಲಿ ಜಾವಾ ಮುಚ್ಚುವುದೇ ಇಲ್ಲವಲ್ಲ!

ಹಲವು ಯಂತ್ರಗಳಲ್ಲಿ ಆ್ಯಪ್‌ಗಳನ್ನು ಓಡಿಸಿ ನಿಭಾಯಿಸುವ ಕ್ಯುಬರ್ನೆಟಿಸ್‌ನಲ್ಲಿ ತೊಂದರೆ ಬೇರೆ ಥರ. ಅದು ಮೊದಲು ‘ನಿಲ್ಲು’ ಎಂಬ ಸಂಕೇತ ಕಳಿಸಿ, ಬೇರೆ ಹೇಳದಿದ್ದರೆ 30 ಸೆಕೆಂಡ್ ಕಾದು, ಆಮೇಲೆ ಮುಲಾಜಿಲ್ಲದೆ ಕೊಲ್ಲುತ್ತದೆ. ಐದು ನಿಮಿಷ ನಿದ್ದೆ ಮಾಡಿ ಎದ್ದು ನೋಡುವ ಥ್ರೆಡ್‌ಗೆ ಸಂಕೇತ ಬಂದದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಬರೀ ನಿದ್ದೆಯ ಬದಲು, ಸಂಕೇತ ಬಂದ ಕೂಡಲೇ ಎಚ್ಚರಗೊಳ್ಳುವ ಕಾಯುವಿಕೆಯನ್ನು ಬಳಸಬೇಕು.

ನನ್ನ ಪ್ರಕಾರ, ತಪ್ಪಿಹೋದರೂ ಮತ್ತೆ ಮಾಡಬಹುದಾದ ಕೆಲಸಕ್ಕೆ, ಉದಾಹರಣೆಗೆ ಮೆಮೊರಿಯಲ್ಲಿರುವ ಮಾಹಿತಿಯನ್ನು ತಾಜಾ ಇಡಲು, ಆ್ಯಪ್ ಒಳಗಿನ ಥ್ರೆಡ್ ಧಾರಾಳವಾಗಿ ಸಾಕು. ಹಣ ವರ್ಗಾವಣೆ, ಮೇಲ್ ಇಂಥವಕ್ಕೆ ಸೆಲರಿ, ಸೈಡ್‌ಕಿಕ್ ಎಂಬ ಸಾಧನಗಳ ಮಾದರಿಯಲ್ಲಿ ಕೆಲಸವನ್ನು ಸಾಲಿನಲ್ಲಿಟ್ಟು ಬೇರೆಯೇ ಪ್ರೋಸೆಸ್‌ಗೆ ಒಪ್ಪಿಸುವುದು ಮೇಲು. ಆಗ ಆ್ಯಪ್ ಬಿದ್ದು ಎದ್ದರೂ ಸಾಲು ಹಾಗೇ ಇರುತ್ತದೆ.