ಪದ ಪರಿಚಯ: ಬ್ರಿಡ್ಜ್

ಕಳೆದ ವಾರ ಮಂಡ್ಯ ಹತ್ತಿರದ ಒಂದು ಆಲೆಮನೆಯಿಂದ ಫೋನ್ ಬಂತು. ಮನೆಯ ನೆಟ್‌ವರ್ಕನ್ನು ಅಲ್ಲಿಗೆ ಎಳೆದು, ಅಲ್ಲಿನ ಕ್ಯಾಮೆರಾವನ್ನು ಮನೆಯಲ್ಲೇ ಕೂತು ನೋಡಬೇಕಂತೆ. "ಎರಡು ಮೋಡೆಮ್ಮೂ ಬ್ರಿಡ್ಜ್ ಮೋಡ್‌ಗೆ ಹಾಕಿವ್ನಿ ಕಣಣ್ಣ, ಆದ್ರೂ ಕ್ಯಾಮೆರಾ ಬತ್ತಾ ಇಲ್ಲ." ಒಂದೇ ತಿಂಗಳಲ್ಲಿ ಈ ಮಾತು ಕೇಳಿದ್ದು ಇದು ನಾಲ್ಕನೇ ಸಲ. ಹೇಳುವವರನ್ನು ಬೈದು ಪ್ರಯೋಜನವಿಲ್ಲ. ಒಂದೇ ಪದವನ್ನು ಎರಡು ಬೇರೆ ಕೆಲಸಕ್ಕೆ ಬಳಸಿ, ವ್ಯತ್ಯಾಸ ಏನು ಅಂತ ಯಾರೂ ಹೇಳದೆ ಬಿಟ್ಟಿದ್ದಾರೆ.

ಮೋಡೆಮ್ ವಿಷಯ ಬೇಗ ಮುಗಿಸೋಣ. ಮಾಡ್ಯುಲೇಟರ್‌ನ ತಲೆ, ಡಿಮಾಡ್ಯುಲೇಟರ್‌ನ ತಲೆ ಸೇರಿಸಿ ಮಾಡಿದ ಪದ ಅದು. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ತಂತಿ ಹೊರಬಲ್ಲ ಅಲೆಯಾಗಿ ಬದಲಿಸುವುದು, ಬಂದ ಅಲೆಯನ್ನು ಮತ್ತೆ ಸೊನ್ನೆ-ಒಂದು ಮಾಡುವುದು, ಇಷ್ಟೇ ಅದರ ಕೆಲಸ. ನಿಮ್ಮ ಮನೆ ಗೋಡೆಯ ಮೇಲಿರುವ ಡಬ್ಬಿಯಲ್ಲಿ ಇದರ ಜೊತೆಗೆ ರೂಟರ್, ಸ್ವಿಚ್, ವೈಫೈ ಮೂರೂ ಸೇರಿಕೊಂಡಿವೆ. ಎಲ್ಲಕ್ಕೂ ಮೋಡೆಮ್ ಅಂದುಬಿಡುತ್ತೇವೆ. ಮಾತಿಗೆ ಪರವಾಗಿಲ್ಲ. ವೈರ್ ಎಳೆಯಲು ಕೂತಾಗ ಮಾತ್ರ ಯಾವುದು ಯಾವುದು ಅಂತ ಗೊತ್ತಿರಲೇಬೇಕು.

ಈಗ ಬ್ರಿಡ್ಜ್. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿದ 1804ರ ವೆಲ್ಲೆಸ್ಲಿ ಸೇತುವೆಯನ್ನು ನೆನಪಿಸಿಕೊಳ್ಳಿ. ಈ ದಡದ ರಸ್ತೆಯೇ ಆ ದಡದಲ್ಲೂ ಮುಂದುವರಿಯುತ್ತದೆ, ನಡುವೆ ನೀರಿದೆ ಅಷ್ಟೇ. ನೆಟ್‌ವರ್ಕ್ ಬ್ರಿಡ್ಜ್ ಕೂಡ ಹಾಗೆಯೇ. ಎರಡು ಕಡೆಯ ತಂತಿಗಳನ್ನು ಸೇರಿಸಿ ಒಂದೇ ನೆಟ್‌ವರ್ಕ್ ಮಾಡುತ್ತದೆ. ಯಾವ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ತಯಾರಕರೇ ಕೊಟ್ಟ ಗುರುತು) ಯಾವ ದಡದಲ್ಲಿದೆ ಅಂತ ನೋಡಿ ಕಲಿತು, ದಾಟಬೇಕಾದ್ದನ್ನು ದಾಟಿಸುತ್ತದೆ. ಐಪಿ ವಿಳಾಸದ, ಅಂದರೆ ನೆಟ್‌ವರ್ಕ್‌ನಲ್ಲಿ ಸಾಧನಕ್ಕೆ ಹಂಚುವ ವಿಳಾಸದ, ಗೊಡವೆಗೆ ಹೋಗುವುದೇ ಇಲ್ಲ. ರೂಟರ್ ಬೇರೆ. ಅದು ಚೆಕ್‌ಪೋಸ್ಟ್ ಇದ್ದಂತೆ. ಅದರ ಆಚೆಗೆ ಇರುವುದು ಬೇರೆಯದೇ ನೆಟ್‌ವರ್ಕ್, ಐಪಿ ವಿಳಾಸ ನೋಡಿಯೇ ಆಚೆ ಕಳಿಸುತ್ತದೆ.

ಹಾಗಾದರೆ ಡಬ್ಬಿಯ ಸೆಟ್ಟಿಂಗ್‌ನಲ್ಲಿರುವ "ಬ್ರಿಡ್ಜ್ ಮೋಡ್" ಏನು? ಎಡವಟ್ಟಾಗುವುದು ಇಲ್ಲೇ. ಅದೂ ಸೇತುವೆಯೇ, ಆದರೆ ಅದರ ದಡಗಳು ಬೇರೆ. ಒಂದು ದಡ ಹೊರಗಿನಿಂದ ಬರುವ ಫೋನ್ ತಂತಿ ಅಥವಾ ಫೈಬರ್. ಇನ್ನೊಂದು ದಡ ಅದೇ ಡಬ್ಬಿಯ ಹಿಂದಿನ ಪೋರ್ಟ್. ಆ ಮೋಡ್ ಹಾಕಿದ ತಕ್ಷಣ ಡಬ್ಬಿಯೊಳಗಿನ ರೂಟರ್ ಕೆಲಸ ಬಿಡುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ಹೊಣೆ ನಿಮ್ಮದೇ ಇನ್ನೊಂದು ರೂಟರ್ ಮೇಲೆ ಬೀಳುತ್ತದೆ. ಅದಿಲ್ಲದಿದ್ದರೆ ಇಂಟರ್ನೆಟ್ಟೇ ಹೋಯಿತು. ಪಕ್ಕದ ಕಟ್ಟಡಕ್ಕೂ ಈ ಮೋಡ್‌ಗೂ ಯಾವ ಸಂಬಂಧವೂ ಇಲ್ಲ. "ಬ್ರಿಡ್ಜ್ ಮಾಡಿದ್ದೇನೆ" ಅಂದವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಯಾವುದರಿಂದ ಯಾವುದಕ್ಕೆ?

ಆಲೆಮನೆಗೆ ಹೋಗಿ ನೋಡಿದೆ. ಮನೆಯಿಂದ ಸುಮಾರು ಮುನ್ನೂರು ಮೀಟರ್, ನಡುವೆ ಕಬ್ಬಿನ ಗದ್ದೆ, ಕಂಬದ ಮೇಲೆ ಹಳೇ ಟೆಲಿಫೋನ್ ತಂತಿ. ಲ್ಯಾನ್ ಕೇಬಲ್ ನೂರು ಮೀಟರ್‌ಗೆ ಮುಗಿಯುತ್ತದೆ, ಹಾಗಾಗಿ ಆ ತಂತಿ ಬಳಸುವ ಯೋಚನೆ ಸರಿಯೇ. ಅವರು ಎರಡು ತುದಿಗೂ ಹಳೇ ಎಡಿಎಸ್ಎಲ್ ಮೋಡೆಮ್ (ಫೋನ್ ತಂತಿಯಲ್ಲಿ ಇಂಟರ್ನೆಟ್ ತರುವಂಥದು) ಚುಚ್ಚಿದ್ದರು. ಡಿಎಸ್ಎಲ್ ದೀಪ ಮಿಣುಕುತ್ತಲೇ ಇತ್ತು, ನಿಲ್ಲಲೇ ಇಲ್ಲ. ಅದು ನಿಲ್ಲುವಂತೆಯೂ ಇರಲಿಲ್ಲ. ಮನೆಗೆ ಕೊಡುವ ಎಡಿಎಸ್ಎಲ್ ಮೋಡೆಮ್ 138 ಕಿಲೋಹರ್ಟ್ಸ್‌ಗಿಂತ ಕೆಳಗೆ ಮಾತಾಡುತ್ತದೆ, ಅದಕ್ಕಿಂತ ಮೇಲೆ ಕೇಳಿಸಿಕೊಳ್ಳುತ್ತದೆ. ಎಕ್ಸ್‌ಚೇಂಜ್‌ನಲ್ಲಿರುವ ಯಂತ್ರದ್ದು ಉಲ್ಟಾ. ಮನೆ ಕಡೆಯವೇ ಎರಡು ಇಟ್ಟರೆ ಎರಡೂ ತಗ್ಗಿನಲ್ಲಿ ಹೇಳುತ್ತವೆ, ಎರಡೂ ಮೇಲಿನದಕ್ಕೆ ಕಿವಿ ಕೊಡುತ್ತವೆ. ಒಂದರ ಮಾತು ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ. ಹೆಣ್ಣಿನ ಕಡೆಯವರೇ ಎರಡು ಚಾಪೆಯಲ್ಲೂ ಕೂತರೆ ಮಾತುಕತೆ ನಡೆಯುತ್ತದಾ?

ಬೇಕಿದ್ದದ್ದು ವಿಡಿಎಸ್ಎಲ್ ಎಕ್ಸ್‌ಟೆಂಡರ್ ಜೋಡಿ, ಅಂದರೆ ಫೋನ್ ತಂತಿಯ ಎರಡು ತುದಿಗೆ ಕೂತು ನೆಟ್‌ವರ್ಕ್ ದಾಟಿಸುವ ಎರಡು ಡಬ್ಬಿ. ಅದರ ಮೈಮೇಲೆ ಪುಟ್ಟ ಸ್ವಿಚ್ ಇರುತ್ತದೆ: ಒಂದನ್ನು ಸಿಒ ಅಂದರೆ ಎಕ್ಸ್‌ಚೇಂಜ್ ಕಡೆಗೆ, ಇನ್ನೊಂದನ್ನು ಸಿಪಿಇ ಅಂದರೆ ಮನೆ ಕಡೆಗೆ ತಳ್ಳಬೇಕು. ತಳ್ಳಿದೆ. ಸ್ವಲ್ಪ ಹೊತ್ತಿನಲ್ಲಿ ದೀಪ ನಿಂತಿತು. ಆಲೆಮನೆಯ ವೈಫೈ ಡಬ್ಬಿಯಲ್ಲಿ ಡಿಎಚ್‌ಸಿಪಿ, ಅಂದರೆ ಐಪಿ ವಿಳಾಸ ಹಂಚುವ ಕೆಲಸ, ಆಫ್ ಮಾಡಿ, ಮನೆಯ ಡಬ್ಬಿಯ ವಿಳಾಸಕ್ಕೆ ಡಿಕ್ಕಿಯಾಗದಂತೆ ಅದರ ವಿಳಾಸವನ್ನು 192.168.1.1ರಿಂದ 192.168.1.2 ಮಾಡಿ, ಲ್ಯಾನ್ ಪೋರ್ಟಿಗೇ ವೈರ್ ಚುಚ್ಚಿದೆ. ಒಂದೇ ನೆಟ್‌ವರ್ಕ್ ಅಂದಮೇಲೆ ವಿಳಾಸ ಹಂಚುವವರು ಒಬ್ಬರೇ ಇರಬೇಕು ಅಲ್ವಾ? ಮನೆ ಜಗಲಿಯಲ್ಲಿ ಕೂತ ಅಜ್ಜಿ ಫೋನ್‌ನಲ್ಲಿ ಕೊಪ್ಪರಿಗೆಯ ನೊರೆ ನೋಡಿ, "ಬೆಂಕಿ ಜಾಸ್ತಿಯಾಯ್ತು, ತಗ್ಗಿಸಕ್ಕೆ ಹೇಳು" ಅಂದರು.

ಹೊಸದಾಗಿ ಎಳೆಯುವುದಾದರೆ ತಾಮ್ರ ಬೇಡವೇ ಬೇಡ, ಫೈಬರ್ ಹಾಕಿ. ಹತ್ತಿರದಲ್ಲಿ ಸಿಡಿಲು ಬಡಿದರೆ ತಾಮ್ರದ ತಂತಿ ಎರಡೂ ಕಟ್ಟಡದ ಸಾಮಾನು ಸುಡಬಲ್ಲದು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ವೈರ್‌ಲೆಸ್ ಬ್ರಿಡ್ಜ್ ಕೂಡ ಒಳ್ಳೆಯದೇ, ಆದರೆ ಎರಡು ಡಿಶ್‌ಗಳ ನಡುವೆ ಏನೂ ಅಡ್ಡ ಇರಬಾರದು. ಇವತ್ತು ತೆಂಗಿನ ಗರಿ ಒಂದಡಿ ಕೆಳಗಿದೆ ಅಂತ ಬಿಗಿಯಬೇಡಿ. ಮರ ಬೆಳೆಯುತ್ತದೆ.

ಇನ್ನೊಂದು ಮಾತು. ಮೈಸೂರಿನ ಒಂದು ಹಾಸ್ಟೆಲ್‌ನಲ್ಲಿ ಎರಡು ಕಟ್ಟಡದ ನಡುವೆ ಇರಲಿ ಅಂತ ಕೇಬಲ್ಲೂ ಹಾಕಿ, ಡಿಶ್ಶೂ ಹಾಕಿದ್ದರು. ಬಂದ ಪ್ಯಾಕೆಟ್ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್, ಹೀಗೇ ಸುತ್ತಿ ಸುತ್ತಿ ಇಡೀ ನೆಟ್‌ವರ್ಕ್ ಮಲಗಿತು. ಇದನ್ನು ತಡೆಯಲೆಂದೇ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಅನ್ನುವ ವಿಧಾನ ರೂಪಿಸಿದರು. ಎರಡು ದಾರಿ ಇದ್ದರೆ ಒಂದನ್ನು ಅದು ತಾನೇ ಮುಚ್ಚಿಡುತ್ತದೆ. ಹಲವು ವೈರ್ ಸೇರಿಸುವ ಅಗ್ಗದ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಅಂಗಡಿಗೆ ಹೋದಾಗ "ಬ್ರಿಡ್ಜ್ ಮೋಡ್ ಇರೋ ಮೋಡೆಮ್ ಎರಡು ಕೊಡಿ" ಅನ್ನಬೇಡಿ. ಎರಡು ಕಟ್ಟಡದ ನಡುವೆ ಎಷ್ಟು ಮೀಟರ್, ಮಧ್ಯೆ ಏನಿದೆ, ಹಳೇ ತಂತಿ ಇದೆಯಾ ಅಂತ ಹೇಳಿ. ಹಳೇ ತಂತಿಗೆ ವಿಡಿಎಸ್ಎಲ್ ಎಕ್ಸ್‌ಟೆಂಡರ್ ಜೋಡಿ, ಫೈಬರ್‌ಗೆ ಮೀಡಿಯಾ ಕನ್ವರ್ಟರ್ (ತಂತಿಯ ಸಂಕೇತವನ್ನು ಬೆಳಕಾಗಿಸುವ ಡಬ್ಬಿ) ಜೋಡಿ, ಗಾಳಿಯಲ್ಲಾದರೆ ಪಾಯಿಂಟ್ ಟು ಪಾಯಿಂಟ್ ಡಿಶ್ ಜೋಡಿ ಅಂತಲೇ ಕೇಳಿ.